ಕಸ್ತೂರಿಯ ಗ್ರಂಥಿ

ಹೆಂಡತಿ ದನದ ಡಾಕ್ಟರಾಗಿದ್ದರೆ ಗಂಡನಾದವನು ಜಡ್ಡು ಬೀಳಕೂಡದು. ಗಂಟಲು ನೋವು ಎಂದರೆ ಸಾಕು, ನನ್ನ ತಸ್ಲೀಮ ಎಡಗೈಯಿಂದ ದವಡೆ ಹಿಡಿದು ಬಾಯಿ ಅಗಲಿಸುತ್ತಾಳೆ, ನಾಲಿಗೆಯನ್ನು ಪಕ್ಕಕ್ಕೆ ಎಳೆದು ಇಣುಕುತ್ತಾಳೆ, ಆಮೇಲೆ ಬೆನ್ನಿಗೆ ಎರಡೇಟು ತಟ್ಟಿ, "ಏನಾಗಿಲ್ರಿ, ಮೇವು ಬರೋಬ್ಬರಿ ತಿಂತದ" ಎನ್ನುತ್ತಾಳೆ. (ಇದನ್ನು ಯಾರಿಗೆ ಹೇಳುತ್ತಾಳೋ! ಪಕ್ಕದಲ್ಲಿ ಮಾಲೀಕರು ನಿಂತಿರುತ್ತಾರೆಂಬ ರೂಢಿ ಅವಳಿಗೆ.) ಇಷ್ಟನ್ನು ಸಹಿಸಿಕೊಂಡೇ ಇದ್ದೆ. ನನ್ನ ಬಾಳು ಪೂರಾ ಹಾಳಾದದ್ದು ಒಂದು ನಾಯಿಯ ಹಿಂಭಾಗದಿಂದ. ಹೇಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಉಬ್ಬರಿಸಿದರೆ ಅವಳು ಎಮ್ಮೆಗೆ ಕುಡಿಸುವ ಎಣ್ಣೆ ತರುತ್ತಾಳೆ. ಆದ್ದರಿಂದ ಹೇಳಿಯೇ ಬಿಡುತ್ತೇನೆ.

ನಾನು ನದೀಮ, ಕನ್ನಡ ಉಪನ್ಯಾಸಕ. ನಮ್ಮ ಮನೆಯಲ್ಲಿ ಪ್ರೀತಿಯ ಮಾತು ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ ನಡೆಯುವುದರಿಂದ ನನ್ನ ಕನ್ನಡ ಬಹಳ ಬೆಳೆದಿದೆ. ಮನೆ ಅಫಜಲಪುರದಲ್ಲಿ, ತಸ್ಲೀಮಳ ದವಾಖಾನೆಯೂ ಅಲ್ಲಿಯೇ. ನನ್ನ ಕಾಲೇಜು ಮಾತ್ರ ಆಳಂದದಲ್ಲಿ. ಬೆಳಗಾದರೆ ಬಸ್ಸು, ಸಂಜೆಯಾದರೆ ಬಸ್ಸು. ಸುಗ್ಗಿಯಲ್ಲಿ ಹವಳಗಾ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಬಾಲ ಹಿಡಿದು ನಮ್ಮ ಬಸ್ಸು ತೆವಳುತ್ತದೆ. ಕಬ್ಬು ಸಕ್ಕರೆಯಾಗಲು ಹೋಗುತ್ತದೆ, ನಾನು ಸಿಪ್ಪೆಯಾಗಿ ಮನೆಗೆ ಬರುತ್ತೇನೆ.

ನಮ್ಮ ಶಿಕ್ಷಣ ಸಂಸ್ಥೆಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕಾಲೇಜುಗಳಿವೆ. ಯಾವ ಮಾಸ್ತರ ಯಾವ ಊರಿನಲ್ಲಿ ಸೀಮೆಸುಣ್ಣ ತಿನ್ನಬೇಕೆಂಬುದು ನಮ್ಮ ಪ್ರಿನ್ಸಿಪಾಲ್ ಶ್ರೀಪಾದರಾಯರ ಮರ್ಜಿ. ಅಫಜಲಪುರದ ಕನ್ನಡದ ಜಾಗ ಖಾಲಿಯಾಗುತ್ತದೆಂದು ಸುದ್ದಿ ಬಂದಾಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ರಾಯರ ಹೆಂಡತಿ ಜಾನಕೀಬಾಯಿಗೆ ಒಂದು ನಾಯಿ ಇತ್ತು. ನಾಯಿಗೆ ಒಂದು ರೋಗ ಇತ್ತು. ನನಗೆ ಒಬ್ಬಳು ಹೆಂಡತಿ ಇದ್ದಳು. ಸಾಲದೆ?

ಆ ನಾಯಿಯ ಹೆಸರು ಕಸ್ತೂರಿ. ಬೆಳ್ಳಗಿನ ಪಾಮೆರೇನಿಯನ್. ಒಂದು ದಿನ ರಾಯರ ಮನೆಗೆ ಹೋದಾಗ ಅಂಗಳದ ಗೇಟು ತೆರೆಯುವಷ್ಟರಲ್ಲೇ ಕೊಳೆತ ಮೀನು ಮತ್ತು ತುಕ್ಕು ಹಿಡಿದ ಕಬ್ಬಿಣ ಎರಡನ್ನೂ ಕೂಡಿಸಿ ಅರೆದಂಥ ಪರಿಮಳ ಬಂದು ಅಪ್ಪಿಕೊಂಡಿತು. ಮೂಗನ್ನು ಸಭ್ಯವಾಗಿ ಕರ್ಚೀಫಿನೊಳಗೆ ಇಟ್ಟುಕೊಂಡು ಒಳಗೆ ಹೋಗಿ ಕುಳಿತೆ. ರಾಯರು ಪೇಪರಿನ ಹಿಂದೆ ಇದ್ದರು. ಜಾನಕೀಬಾಯಿ ಚಹಾ ಕೊಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡ್ರಿ ಮಾಸ್ತರ, ಕಸ್ತೂರಿ ಕುಂತಲ್ಲೇ ಜಮಖಾನಿಗಿ ಹೆಂಗ ತಿಕ್ಕಾಕತ್ತಾಳ. ದಿನಾ ಜಳಕ ಮಾಡಸ್ತೇನಿ, ಊದಿನಕಡ್ಡಿ ಹಚ್ತೇನಿ. ನಾತ ಹೋಗವಲ್ದು."

ಹಿರಿಯ ಹೆಣ್ಣುಮಗಳ ಎದುರು ಆ ಅಂಗದ ಹೆಸರನ್ನು ಹೇಗೆ ಎತ್ತುವುದು? ಸಂಸ್ಕೃತದ ಮೊರೆ ಹೊಕ್ಕೆ. "ಇದು ಗುದಗ್ರಂಥಿಯ ಬಾಧೆ ಇರ್ಬೇಕ್ರಿ, ಅಮ್ಮಾರ."

"ಯಾವ ಗ್ರಂಥರಿ?"

"ಗ್ರಂಥ ಅಲ್ರಿ, ಗ್ರಂಥಿ. ಹಿಂದಿನದು."

"ಹಿಂದಿನ ಗ್ರಂಥಾನೇ ಛಲೋ ಬಿಡ್ರಿ. ಈಗಿನವ್ರು ಏನ್ ಬರೀತಾರ!"

ನಾನು ಸೋತು ತಸ್ಲೀಮಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಟೀಪಾಯಿಯ ಮೇಲೆ ಇಟ್ಟೆ. ಅವಳಿಗೆ ಸಂಸ್ಕೃತದ ಹಂಗಿಲ್ಲ.

"ಎಲ್ಲಾ ನಾಯಿಗೂ ಕುಂಡಿ ಎರಡೂ ಬಾಜೂಕ ಸಣ್ಣ ಚೀಲ ಇರ್ತಾವ್ರಿ ಬಾಯಾರ. ಅದರಾಗಿನ ರಸ ತಾನ ಖಾಲಿ ಆಗ್ತದ. ನಿಮ್ಮ ಕಸ್ತೂರಿಗಿ ಬಾಯಿ ಕಟ್ಟಿ ಗಟ್ಟಿ ಆಗ್ಯದ. ಆಗಾಗ ಹಿಂಡಬೇಕು."

"ಅಯ್ಯ! ಯಾರು ಹಿಂಡಬೇಕ್ರಿ?"

"ನಮ್ಮನಿಯವ್ರು ಅಲ್ಲೇ ಕುಂತಾರಲ್ಲ?"

ಪೇಪರು ಕೆಳಗಿಳಿಯಿತು. ರಾಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಯಾಕ ತ್ರಾಸ್ ತಗೋತೀರಿ ಮಾಸ್ತರ? ಇರ್ಲಿ ಬಿಡ್ರಿ. ದೇವರು ಕೊಟ್ಟದ್ದು" ಎಂದರು. ಎಂಥ ಸಂಕೋಚದ ಮನುಷ್ಯ! ನೌಕರನಿಗೆ ತೊಂದರೆ ಕೊಡಲು ಹಿಂಜರಿಯುತ್ತಾರೆ ಎಂದು ನನ್ನ ಎದೆ ತುಂಬಿ ಬಂತು. "ತ್ರಾಸ್ ಏನ್ರಿ ಸರ್, ಇದು ನನ್ನ ಭಾಗ್ಯ" ಎಂದೆ.

ಆ ಭಾಗ್ಯವನ್ನು ಹೇಗೆ ವರ್ಣಿಸಲಿ? ತಸ್ಲೀಮ ಒಂದು ರವಿವಾರ ಆಳಂದಕ್ಕೆ ಬಂದು ಕೈಗವಸು, ಅರಿವೆ, ಬೆರಳಿನ ಪಟ್ಟು ಎಲ್ಲ ತೋರಿಸಿಕೊಟ್ಟು, ಸೊನ್ನ ಊರಿನಲ್ಲಿ ಎಮ್ಮೆ ಈಯುವುದಿದೆ ಎಂದು ಹೊರಟುಹೋದಳು. ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಉಳಿದ ಮಾಸ್ತರರು ರೊಟ್ಟಿ ಬಿಚ್ಚುವಾಗ ನಾನು ರಾಯರ ಹಿತ್ತಲಿನಲ್ಲಿ ಕಸ್ತೂರಿಯ ಬಾಲ ಎತ್ತಿ ಹಿಡಿದು, ಮುಖ ಪೂರ್ವಕ್ಕೆ ತಿರುಗಿಸಿ, ಹಿಂಡುತ್ತಿದ್ದೆ. ಮುಖ ಎಲ್ಲಿಗೆ ತಿರುಗಿಸಿದರೂ ಆ ರಸಕ್ಕೆ ನನ್ನ ಅಂಗಿಯ ದಾರಿ ಗೊತ್ತಿತ್ತು. ಮಧ್ಯಾಹ್ನದ ತರಗತಿಯಲ್ಲಿ ಮುಂದಿನ ಬೆಂಚುಗಳು ಖಾಲಿಯಾದವು. ನವರಸಗಳ ಪಾಠ ಬಂದ ದಿನ, 'ಬೀಭತ್ಸ' ಎಂದು ನಾನು ಹಲಗೆಯ ಮೇಲೆ ಬರೆಯುವ ಮೊದಲೇ ನರೋಣಾ ಊರಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಉದಾಹರಣೆ ಬ್ಯಾಡ್ರಿ, ತಿಳೀತು" ಎಂದಳು.

ಹಿಂಡಿದ್ದು ಸಾಲದೆ ಆ ಚೀಲಗಳು ಕೀವು ತುಂಬಿ ಒಡೆದವು. ಔಷಧಿಯಿಂದ ಮಾಯಿತು. ಮತ್ತೆ ತುಂಬಿತು, ಮತ್ತೆ ಒಡೆಯಿತು. ಕಸ್ತೂರಿ ಕೂರಲಾಗದೆ ನಿಂತೇ ತೂಕಡಿಸುತ್ತಿದ್ದಳು. ನನ್ನನ್ನು ಕಂಡರೆ ಅವಳ ಕಣ್ಣಲ್ಲಿ ನೀರು, ಅವಳನ್ನು ಕಂಡರೆ ನನ್ನ ಕಣ್ಣಲ್ಲಿ ನೀರು.

"ಎರಡೂ ಚೀಲ ತೆಗದ ಬಿಡಬೇಕು" ಎಂದಳು ತಸ್ಲೀಮ, ಒಂದು ದಿನ ರೊಟ್ಟಿ ಬಡಿಯುತ್ತ.

"ನಾಳೇನೇ ತೆಗಿ."

"ಅಷ್ಟು ಹಗೂರ ಅಲ್ರಿ. ಬಾಜೂಕ ನರ ಅದ. ಅದಕ್ಕ ಧಕ್ಕಾ ಆದ್ರ ನಾಯಿಗಿ ಹಿಡ್ಕೊಳ್ಳಾಕ ಬರಂಗಿಲ್ಲ. ಜೀವ ಇರೋತನಾ ಮನಿ ತುಂಬಾ ಹಾಕ್ಕೋತ ತಿರಗ್ತದ."

"ಯಾರ ಮನಿ ತುಂಬಾ?"

"ನಿಮ್ಮ ಪ್ರಿನ್ಸಿಪಾಲರ ಮನಿ ತುಂಬಾ."

"ಹಂಗಿದ್ರ ಬೀದರಿನ ದೊಡ್ಡ ದವಾಖಾನಿಗಿ ಕಳಿಸೋಣಲ್ಲ?"

ರೊಟ್ಟಿ ಬಡಿಯುವುದು ನಿಂತಿತು. ಇದು ಅಪಾಯದ ಸೂಚನೆ. "ಏನಂದ್ರಿ? ನಾ ಸರ್ಜರಿ ಓದಿದಾಕಿ ಅಂಬೋದು ನೆನಪದ ಏನು? ಎಮ್ಮಿ ಹೊಟ್ಟ್ಯಾಗ ಭುಜದತನಾ ಕೈ ಹಾಕಿ ಹಾಕಿ ನನ್ನ ಬೆರಳು ನಾಜೂಕು ಕೆಲಸ ಮರತಾವ. ಇಷ್ಟು ವರ್ಷದಾಗ ಒಂದ ಒಂದು ಮಸ್ತ್ ಆಪರೇಶನ್ ಬಂದದ. ಅದನ್ನೂ ಬೀದರಕ್ಕ ಒಯ್ದು ಕೊಡ್ರಿ! ಮದಿವ್ಯಾಗ ನಮ್ಮಪ್ಪ ಕೊಟ್ಟ ಸ್ಕೂಟರೂ ಬೀದರಕ್ಕ ಕೊಡ್ರಿ!"

ಸ್ಕೂಟರಿನ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಚರ್ಚೆ ಮುಂದುವರಿಯುವುದಿಲ್ಲ.

ತಸ್ಲೀಮಳೇ ಜಾನಕೀಬಾಯಿಗೆ ಅಪಾಯವನ್ನೆಲ್ಲ ಬಿಚ್ಚಿ ಹೇಳಿದಳು. ಅವರು ಅತ್ತು, ದೇವರಿಗೆ ಕಾಯಿ ಇಟ್ಟು, ಆಗಲಿ ಎಂದರು. ರಾಯರು ಮಾತ್ರ ನನ್ನನ್ನು ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಕರೆದು, "ಮಾಸ್ತರ, ಇನ್ನೂ ಟೈಮ್ ಅದ. ಬ್ಯಾಡ ಅಂತ ನಿಮ್ಮ ಮನಿಯವ್ರ ಕಡಿಂದ ಹೇಳಸ್ರಿ" ಎಂದರು. ಹೇಳುತ್ತ ನನ್ನ ಎರಡೂ ಕೈ ಹಿಡಿದುಕೊಂಡರು. ನಾಯಿಯ ಮೇಲೆ ಎಷ್ಟು ಕಕ್ಕುಲಾತಿ! "ಸರ್, ನೀವು ಚಿಂತಿ ಮಾಡಬ್ಯಾಡ್ರಿ. ಕಸ್ತೂರಿ ನನ್ನ ಮಗಳಿದ್ದಂಗ" ಎಂದೆ.

ಆಪರೇಶನ್ನಿನ ದಿನ ರಾಯರೇ ಕಾರು ಓಡಿಸಿಕೊಂಡು ಅಫಜಲಪುರಕ್ಕೆ ಬಂದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಉಪವಾಸವಿದ್ದ ಕಸ್ತೂರಿ. ಹೆದರಿದ ನಾಯಿ ಆ ಚೀಲಗಳನ್ನು ತಾನಾಗಿ ಖಾಲಿ ಮಾಡುತ್ತದೆಂಬ ವೈಜ್ಞಾನಿಕ ಸತ್ಯ ನನ್ನ ಹೊಸ ಪ್ಯಾಂಟಿಗೆ ಅಂದೇ ತಿಳಿಯಿತು. ಜಾನಕೀಬಾಯಿ ಕಿಟಕಿಯ ಹೊರಗೆ ತಲೆ ಹಾಕಿದರು. ರಾಯರು ಗಾಜನ್ನೂ ಇಳಿಸದೆ ಆಳವಾಗಿ ಉಸಿರೆಳೆದುಕೊಂಡರು, ಕಡೆಯ ಸಲ ಎಂಬಂತೆ.

ದವಾಖಾನೆಯ ಸಹಾಯಕ ಗುರಣ್ಣ ತಂಗಿಯ ಮದುವೆಗೆ ರಜೆ ಹಾಕಿದ್ದ. ಹೀಗಾಗಿ ಬಾಲ ಹಿಡಿಯುವ ಪದವಿ ನನಗೇ ಬಂತು. ಅರಿವಳಿಕೆ ಕೊಟ್ಟು, ಕೂದಲು ತೆಗೆದು, ತಸ್ಲೀಮ ಕತ್ತರಿ ಎತ್ತಿಕೊಂಡಳು. ನಾನು ಗೋಡೆಯ ಮೇಲಿದ್ದ ಕಾಲುಬಾಯಿ ಬೇನೆಯ ಪಟವನ್ನು ಏಕಚಿತ್ತದಿಂದ ನೋಡುತ್ತಿದ್ದೆ. ನಡುವೆ ಒಮ್ಮೆ ಕಣ್ಣು ಜಾರಿ ಅವಳ ಮುಖದ ಮೇಲೆ ಬಿತ್ತು. ಮುಖಗವಸಿನ ಮೇಲಿನ ಆ ಕಣ್ಣುಗಳಲ್ಲಿ ಎಂಥ ಬೆಳಕು! ನಿಕಾಹದ ದಿನ ನನ್ನನ್ನು ನೋಡಿದಾಗ ಅದರ ಕಾಲು ಭಾಗವೂ ಇರಲಿಲ್ಲ.

"ಬಾಲ ಸೀದಾ ಹಿಡೀರಿ. ಯಾಕ ಅಲಗಾಡಾಕತ್ತೀರಿ?"

"ನನ್ನ ನೌಕರಿ ನಿನ್ನ ಕತ್ತರಿ ತುದಿ ಮ್ಯಾಲ ಅದ."

"ನಾಯಿ ಜೀವಾನೂ ಅಲ್ಲೇ ಅದ. ಅದು ಸುಮ್ಕ ಮಲಗಿಲ್ಲೇನು?"

ಹೊಲಿಗೆ ನೋಡಲು ಧೈರ್ಯವಿಲ್ಲವೆಂದು ಜಾನಕೀಬಾಯಿ ಕಸ್ತೂರಿಯನ್ನು ನಮ್ಮಲ್ಲೇ ಬಿಟ್ಟು ಹೋದರು. ನನ್ನ ಅಮ್ಮ ಗೌಸಿಯಾಬೇಗಂ ಬಾಗಿಲಲ್ಲಿ ಅಡ್ಡ ನಿಂತಳು. "ನಕ್ಕೋ! ನಾಯಿ ನನ್ನ ನಮಾಜಿನ ಮನಿ ಒಳಗ ಬರಂಗಿಲ್ಲ. ಅದನ್ನ ಮುಟ್ಟಿದವ್ರೂ ಬರಂಗಿಲ್ಲ." ಹೀಗೆ ಪಡಸಾಲೆಯಲ್ಲಿ ಒಂದು ಮೂಲೆ ಕಸ್ತೂರಿಗೆ, ಒಂದು ಮೂಲೆ ನನಗೆ. ಅವಳ ಕುತ್ತಿಗೆಗೆ ಗಾಯ ನೆಕ್ಕದಂತೆ ಪ್ಲಾಸ್ಟಿಕ್ಕಿನ ಬುಟ್ಟಿ; ನನ್ನ ಕುತ್ತಿಗೆಗೆ ಅವಳೇ. ಮರುದಿನದಿಂದ ಅಮ್ಮ "ಬಿಚಾರಿ, ಮೆತ್ತಗಿಂದು ತಿನ್ನಲಿ" ಎಂದು ಕುಂಬಳಕಾಯಿ ಬೇಯಿಸಿ, ಅನ್ನದಲ್ಲಿ ನುರಿದು, ಬೆಳ್ಳಗಿನ ಬಟ್ಟಲಲ್ಲಿ ದೂರದಿಂದ ತಳ್ಳತೊಡಗಿದಳು. ನನಗೆ ಹಿಂದಿನ ದಿನದ ರೊಟ್ಟಿ ಬಂತು.

ಆದರೆ ಕಸ್ತೂರಿಗೆ ಹಿಡಿತವಿರಲಿಲ್ಲ. ಮಲಗಿದಲ್ಲೇ ಆಗುತ್ತಿತ್ತು. ನಾನು ಒರೆಸುತ್ತಿದ್ದೆ. "ಬಾವು ಇಳದ ಮ್ಯಾಲ ಸರಿ ಹೋಗಬಹುದು" ಎಂದು ತಸ್ಲೀಮ ಹೇಳುತ್ತಿದ್ದಳಾದರೂ ಅವಳಿಗೂ ಊಟ ಸೇರುತ್ತಿರಲಿಲ್ಲ. ಒಮ್ಮೆ ಅವಳು ಪಡಸಾಲೆಯಲ್ಲಿ ಕಸ್ತೂರಿಯ ಪಕ್ಕ ಕುಳಿತು, ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. "ನರ ನಾ ನೋಡಿದ್ದೆರಿ. ಮುಟ್ಟಿಲ್ಲ. ಖರೇನೇ ಮುಟ್ಟಿಲ್ಲ" ಎಂದಳು. ಜಗಳಕ್ಕೆಂದು ಇಟ್ಟುಕೊಂಡ ಕನ್ನಡದಲ್ಲಿ ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ನನ್ನ ನೌಕರಿಯ ಚಿಂತೆ ನನಗೇ ಅಸಹ್ಯವೆನಿಸಿತು.

ಮರುದಿನ ಬೆಳಿಗ್ಗೆ ಕಸ್ತೂರಿ ಎದ್ದಳು. ಬುಟ್ಟಿಯನ್ನು ಕಂಬಕ್ಕೆ ಬಡಿದುಕೊಳ್ಳುತ್ತ ಮೆಟ್ಟಿಲು ಇಳಿದಳು. ಅಂಗಳ ದಾಟಿ, ಮೂಲೆಯ ಕರಿಬೇವಿನ ಗಿಡದ ತನಕ ನಡೆದು, ಸುತ್ತ ಒಂದು ಸಲ ತಿರುಗಿ, ಮರ್ಯಾದಸ್ಥರಂತೆ ಕುಳಿತಳು. ನಾನು, ತಸ್ಲೀಮ, ಕಿಟಕಿಯಲ್ಲಿ ಅಮ್ಮ, ಮೂವರೂ ಉಸಿರು ಬಿಗಿಹಿಡಿದು ಒಂದು ನಾಯಿಯ ಹಿಂಭಾಗವನ್ನು ಚಂದ್ರದರ್ಶನದಂತೆ ನೋಡುತ್ತಿದ್ದೆವು. ಕೆಲಸ ಮುಗಿಸಿ ಅವಳು ಮಣ್ಣು ಕೆದರಿದಾಗ ಅಮ್ಮ "ಮಾಷಾ ಅಲ್ಲಾ!" ಎಂದಳು. ತಸ್ಲೀಮ ನನ್ನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು.

ಹೊಲಿಗೆ ಬಿಚ್ಚಿದ ಮೇಲೆ ಕಸ್ತೂರಿ ಆಳಂದಕ್ಕೆ ಮರಳಿದಳು. ನಾತ ಹೆಸರಿಗೂ ಇರಲಿಲ್ಲ. ಜಾನಕೀಬಾಯಿ ಅವಳನ್ನು ಎದೆಗವಚಿಕೊಂಡು, "ನಿಮ್ಮ ಋಣ ಹೆಂಗ ತೀರಸ್ಲಿ ಮಾಸ್ತರ!" ಎಂದರು. ನಾನು ವಿನಯದಿಂದ ರಾಯರ ಕಡೆ ನೋಡಿದೆ. ರಾಯರು ಗೋಡೆಯ ಕಡೆ ನೋಡುತ್ತಿದ್ದರು.

ಅಫಜಲಪುರದ ಜಾಗ ಖಾಲಿಯಾದ ವಾರ ನನಗೆ ಚೇಂಬರಿನಿಂದ ಕರೆ ಬಂತು. ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದೆ. ರಾಯರ ಕಣ್ಣ ಕೆಳಗೆ ಕಪ್ಪು, ಗಡ್ಡ ಬೋಳಿಸಿರಲಿಲ್ಲ.

"ಮಾಸ್ತರ, ನಮ್ಮ ಮನ್ಯಾಗ ಈಗ ಏನ್ ವಾಸನಿ ಬರ್ತದ, ಹೇಳ್ರಿ?"

"ಏನೂ ಬರಂಗಿಲ್ರಿ ಸರ್!"

"ಹಾಂ. ಅದ ತ್ರಾಸು." ಅವರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. "ನಮ್ಮಾಕಿ ತಮ್ಮ ಒಬ್ಬಾಂವ ಸೊಲ್ಲಾಪುರದಾಗ ಇದ್ದಾನ, ವಿಕ್ರಮ. ಮೊದಲೆಲ್ಲಾ ವರ್ಷಕ್ಕ ಆರು ತಿಂಗಳು ನಮ್ಮ ಮನ್ಯಾಗ ಇರ್ತಿದ್ದ, ಹೇಂತಿ ಮಕ್ಕಳು ಸಹಿತ. ಕಸ್ತೂರಿಗಿ ಈ ರೋಗ ಬಂದ ಮ್ಯಾಲ ನಾತ ತಡೀಲಾರದ ಬರೋದು ಬಿಟ್ಟ. ನಾ ಮನಶ್ಶಾಂತಿ ಅಂದ್ರ ಏನಂತ ಆವಾಗ ಕಂಡೆ. ಹೋದ ವಾರ ನಮ್ಮಾಕಿ ಫೋನ್ ಮಾಡಿ, 'ನಾಯಿ ನೆಟ್ಟಗಾತು, ಬಾ' ಅಂದ್ಲು. ಬಂದಾನ. ನನ್ನ ಮಂಚ ಅವನ್ದು, ನನ್ನ ಟೀವಿ ಅವನ್ದು. ನಸುಕಿನ್ಯಾಗ ಎಬ್ಬಿಸಿ, ಆರೋಗ್ಯಕ್ಕ ಛಲೋ ಅಂತ ನನ್ನ ಕಡಿಂದ 'ಹ್ಹ ಹ್ಹ ಹ್ಹಾ' ಅಂತ ನಗಸ್ತಾನ. ನಾ ಎಷ್ಟು ಹೇಳ್ದೆ, ಮಾಸ್ತರ? ಬೇವಿನ ಗಿಡದ ಕೆಳಗ ನಿಂತು ಎಷ್ಟು ಹೇಳ್ದೆ?"

"ಸರ್, ಆ ಅಫಜಲಪುರದ ಜಾಗ..."

"ಅದು ತುಂಬೇದ. ನೀವು ಸೋಮವಾರ, ಮಂಗಳವಾರ, ಬುಧವಾರ ಆಳಂದ. ಉಳದ ದಿನ ಜೇವರ್ಗಿ." ಅವರು ಎದ್ದು ಕಿಟಕಿಗೆ ಹೋದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಆಸೆ ತುಂಬಿದ ಒಂದು ಸಣ್ಣ ಧ್ವನಿ ಬಂತು. "ಮಾಸ್ತರ, ನಿಮ್ಮ ಮನಿಯವ್ರಿಗಿ ಕೇಳ್ರಿ. ಆ ಗ್ರಂಥಿ ತಿರಗಿ ಹಾಕಾಕ ಬರ್ತದ ಏನು?"

ನಾನು ಕೇಳಿದೆ. ನಗಬೇಡಿ, ನಿಜವಾಗಿ ಕೇಳಿದೆ. ತಸ್ಲೀಮ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, "ಒಮ್ಮಿ ತೆಗದದ್ದು ಹಾಕಾಕ ಬರಂಗಿಲ್ಲ" ಎಂದಳು. ಆಮೇಲೆ ಅವಳ ಮುಖ ಅರಳಿತು. "ಏನಂದ್ರಿ, ಜೇವರ್ಗಿನಾ? ಛಲೋ ಆತು ನೋಡ್ರಿ! ಅಲ್ಲಿ ದವಾಖಾನಿ ಲಾಲಸಾಬ ಡಾಕ್ಟರ್ರಿಗಿ ಇಂಥದ್ದ ಒಂದು ಕೇಸ್ ಬಂದದ. ಕಸ್ತೂರಿ ಚೀಲ ನೋಡಬೇಕಂತ ಕೇಳ್ಯಾರ. ಬಾಟಲ್ಯಾಗ ಕಾದಿಟ್ಟೀನಿ, ನೀವ ಒಯ್ದು ಕೊಡ್ರಿ."

ಗುರುವಾರ ಬೆಳಿಗ್ಗೆ ಜೇವರ್ಗಿಯ ಬಸ್ಸಿನಲ್ಲಿ ಕುಳಿತಿದ್ದೆ. ತೊಡೆಯ ಮೇಲೆ ಗಾಜಿನ ಬಾಟಲಿ, ಅದರ ಔಷಧದ ನೀರಿನಲ್ಲಿ ಅಡಿಕೆಯಷ್ಟು ದೊಡ್ಡ ಎರಡು ಮಾಸಲು ಉಂಡೆಗಳು, ಬಸ್ಸು ಕುಣಿದಂತೆಲ್ಲ ಕುಣಿಯುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ರುಮಾಲಿನ ಹಿರಿಯರೊಬ್ಬರು ಬಹಳ ಹೊತ್ತು ಅದನ್ನೇ ದಿಟ್ಟಿಸಿದರು. ನಂತರ ತಮ್ಮ ಬುತ್ತಿಯ ಗಂಟು ಬಿಚ್ಚಿದರು. ಒಂದು ರೊಟ್ಟಿ ಅಂಗೈ ಮೇಲೆ ಹರವಿಕೊಂಡು, ಬಹಳ ಪ್ರೀತಿಯಿಂದ ನನ್ನ ಕಡೆ ಚಾಚಿದರು.

"ನಿಂಬಿಕಾಯಿ ಉಪ್ಪಿನಕಾಯೇನ್ರಿ ತಮ್ಮಾ? ಒಂದು ಹೋಳು ಹಾಕ್ರಿ, ನೋಡೋಣು."