ನಲವತ್ತು ವರ್ಷದ ಹೊಸ ಗಿಟಾರು

ಹೆಂಡತಿ: ಒಂದೇ ಒಂದು ಗೀರು ರೀ. ಕಣ್ಣು ಮುಚ್ಕೊಂಡು ಎಳೆದುಬಿಡಿ, ಮುಗಿದುಹೋಗುತ್ತೆ.

ಮೇಸ್ತ್ರಿ: ಕಣ್ಣು ಮುಚ್ಕೊಂಡ್ರೆ ಎಲ್ಲಿ ಎಳೀತಿದ್ದೀನಿ ಅಂತ ಕಾಣಲ್ವಲ್ಲೇ.

ಹೆಂಡತಿ: ಹಾಗಾದ್ರೆ ಕಣ್ಣು ಬಿಟ್ಕೊಂಡೇ ಎಳೀರಿ.

ಮೇಸ್ತ್ರಿ: ಬಿಟ್ಕೊಂಡ್ರೆ ಕಾಣುತ್ತಲ್ಲ!

ಮನೆಯ ಹಿಂದಿನ ಶೆಡ್ಡಿನಲ್ಲಿ, ಬೆಂಚಿನ ಮೇಲೆ ಕಂಬಳಿ ಹಾಸಿ, ಒಂದು ಎಲೆಕ್ಟ್ರಿಕ್ ಗಿಟಾರನ್ನು ಹಸುಗೂಸಿನಂತೆ ಮಲಗಿಸಲಾಗಿತ್ತು. ಕಡುಗೆಂಪು ಬಣ್ಣ. ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು, ಅಷ್ಟು ಮೆರುಗು; ಕನ್ನಡಿ ಒಡೆದ ವಾರ ಮೇಸ್ತ್ರಿ ಹಾಗೆ ಹೆರೆದುಕೊಂಡದ್ದೂ ಉಂಟು. ಅದರ ಮರ ಕೊರೆದದ್ದು ಅವನೇ, ಒಳಗಿನ ತಂತಿ ಸುತ್ತಿದ್ದು ಅವನೇ, ಹದಿನಾಲ್ಕು ಸಲ ಬಣ್ಣ ಬಳಿದು ಹದಿನಾಲ್ಕು ಸಲ ಉಜ್ಜಿದ್ದೂ ಅವನೇ. ಎಂಟು ತಿಂಗಳ ಕೆಲಸ. ಈಗ ಅವನ ಕೈಯಲ್ಲಿ ಒಂದು ಬೀಗದ ಕೈ ಗೊಂಚಲಿತ್ತು, ಅದರಿಂದ ಆ ಗಿಟಾರನ್ನು ಗೀರಬೇಕಿತ್ತು.

ಗಿರಾಕಿಯ ಆರ್ಡರೇ ಹಾಗಿತ್ತು. ಗಿಟಾರು ಹೊಚ್ಚ ಹೊಸದಾಗಿರಬೇಕು, ಆದರೆ ನಲವತ್ತು ವರ್ಷ ವೇದಿಕೆ ಮೇಲೆ ಸವೆದದ್ದರ ಹಾಗೆ ಕಾಣಬೇಕು. ಅಂದು ಮೇಸ್ತ್ರಿ "ಆಯ್ತು" ಅಂದುಬಿಟ್ಟಿದ್ದ. ಮುಗಿದ ಮೇಲೆ ಹೊಳಪು ಕಂಡು ಗಿರಾಕಿಯೇ ಮನಸ್ಸು ಬದಲಾಯಿಸುತ್ತಾರೆ ಎಂಬ ದೂರದ ಆಸೆ ಒಂದು. ಬೇಡ ಎನ್ನಲು ಬಾಯಿ ಬಾರದ ಕಷ್ಟ ಇನ್ನೊಂದು. ಇದಕ್ಕೆ ಮುಂಚೆ ಅವನು ಮಾಡಿದ್ದು ಮೂರೇ ಗಿಟಾರು. ಒಂದು ಚಿಕ್ಕಪ್ಪನ ಮನೆಗೆ ಹೋಯಿತು, ಅದರ ಮೇಲೆ ಈಗ ಟವೆಲ್ ಒಣಗುತ್ತದೆ. ಇನ್ನೊಂದು ಬಾಮೈದನಿಗೆ. ಮೂರನೆಯದನ್ನು ಕೇಳಿದವನು ಕಾದು ಕಾದು ಸಾಕಾಗಿ ಕೊಳಲು ಕಲಿತುಬಿಟ್ಟ. ಹೀಗಾಗಿ ಗಂಡ ಹೆಂಡತಿ ನಡುವೆ ಒಂದು ಒಪ್ಪಂದವಾಗಿತ್ತು: ಈ ತಿಂಗಳೊಳಗೆ ಒಂದಾದರೂ ಗಿಟಾರು ನೆಂಟರಲ್ಲದವರ ಕೈ ಸೇರಿ ಮನೆಯ ಹೊಸ್ತಿಲು ದಾಟಬೇಕು. ಇಲ್ಲವಾದರೆ ಶೆಡ್ಡು, ಲೆಕ್ಕದ ಟೀಚರಾದ ಹೆಂಡತಿಯ ಟ್ಯೂಷನ್ನಿಗೆ, ಮೇಸ್ತ್ರಿ ವಾಪಸು ಬಾಗಿಲು ಫ್ಯಾಕ್ಟರಿಗೆ. ಹನ್ನೆರಡು ವರ್ಷ ಬಾಗಿಲು ಮಾಡಿ, ಇನ್ನು ಸತ್ತರೂ ಬಾಗಿಲು ಮಾಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ ಬಿಟ್ಟುಬಂದ ಫ್ಯಾಕ್ಟರಿ ಅದು. ಇವತ್ತು ತಿಂಗಳ ಕೊನೆಯ ಶನಿವಾರ.

ಗಿರಾಕಿ ಎದುರಿಗೇ ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದರು. ಅವರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುವವರು ಕೂರುವುದೂ ಹೀಗೆಯೇ.

ಡಾಕ್ಟರು: ಮೇಸ್ತ್ರಿ, ನಾಳೆ ಸಂಜೆ ನಮ್ಮ ಕಾರ್ಯಕ್ರಮ. ಸಂಘದ ಹಾಲ್‌ನಲ್ಲಿ ಇನ್ನೂರು ಜನ ಇರ್ತಾರೆ. ಎಲ್ಲ ನಮ್ಮ ಹಲ್ಲಿನ ಡಾಕ್ಟರುಗಳೇ.

ಮೇಸ್ತ್ರಿ: ಅದಕ್ಕೇ ಹೇಳ್ತಿರೋದು. ಥಳಥಳ ಅನ್ನೋ ಗಿಟಾರು ಹಿಡ್ಕೊಂಡು ನಿಂತ್ರೆ ಎಷ್ಟು ಲಕ್ಷಣವಾಗಿರುತ್ತೆ!

ಡಾಕ್ಟರು: ಥಳಥಳ ಅಂದ್ರೆ ಇವನು ಹೊಸಬ ಅಂತ ಗೊತ್ತಾಗಿಬಿಡುತ್ತೆ.

ಮೇಸ್ತ್ರಿ: ನೀವು ಹೊಸಬರಲ್ವಾ?

ಡಾಕ್ಟರು: ಹೊಸಬನೇ. ಅದಕ್ಕೇ ಗೊತ್ತಾಗಬಾರ್ದು.

ಹೆಂಡತಿ: ನುಡಿಸೋಕೆ ಶುರು ಮಾಡಿದ ಕೂಡ್ಲೇ ಗೊತ್ತಾಗಲ್ವಾ ಡಾಕ್ಟ್ರೇ?

ಡಾಕ್ಟರು: ಅಲ್ಲೇ ಇರೋದು ಮೇಡಂ. ಹಳೇ ಗಿಟಾರು ಹಿಡ್ಕೊಂಡೋನು ತಪ್ಪು ನುಡಿಸಿದ್ರೆ ಅದನ್ನ ಶೈಲಿ ಅಂತಾರೆ. ಹೊಸ ಗಿಟಾರು ಹಿಡ್ಕೊಂಡೋನು ತಪ್ಪು ನುಡಿಸಿದ್ರೆ ತಪ್ಪು ಅಂತಾನೇ ಅಂತಾರೆ. ಎರಡು ವರ್ಷದಿಂದ ಕಲೀತಿದ್ದೀನಿ, ನಾಲ್ಕೇ ಟ್ಯೂನು ಬರೋದು. ಜನ ನಗಬಾರ್ದು, ಅಷ್ಟೇ ನನಗೆ ಬೇಕಾಗಿರೋದು.

ಮೇಸ್ತ್ರಿ: ಅಲ್ಲಾ, ನೀವು ದಿನಾ ಹಳೇ ಹಲ್ಲನ್ನ ತಿಕ್ಕಿ ತಿಕ್ಕಿ ಹೊಸದು ಮಾಡೋರು. ನನ್ನ ಕೈಯಲ್ಲಿ ಇಂಥ ಕೆಲಸ ಮಾಡಿಸ್ತೀರಲ್ಲ!

ಡಾಕ್ಟರು: ಬಾಯಿ ವಿಷಯ ಬೇರೆ. ಹಳೇ ಹಲ್ಲು ನೋಡಿ ಯಾರೂ ಚಪ್ಪಾಳೆ ತಟ್ಟಲ್ಲ.

ಮೇಸ್ತ್ರಿ ಗೊಂಚಲನ್ನು ಕೆಳಗಿಟ್ಟು ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದ. ನೇರವಾಗಿ ಇಲ್ಲ ಎನ್ನಲಾಗದಿದ್ದಾಗ ಅವನು ಯಾವಾಗಲೂ ಪೆನ್ಸಿಲ್ ತೆಗೆಯುತ್ತಿದ್ದ.

ಮೇಸ್ತ್ರಿ: ಸರಿ, ಮಾಡೋಣ. ಆದ್ರೆ ಎಲ್ಲೆಂದ್ರಲ್ಲಿ ಗೀಚೋಕಾಗಲ್ಲ. ಪ್ರತಿ ಗೀರಿಗೂ ಒಂದು ಕಾರಣ ಇರ್ಬೇಕು. ನೀವು ನಿಂತು ನುಡಿಸ್ತೀರೋ, ಕೂತೋ?

ಡಾಕ್ಟರು: ಮಲಗಿ.

ಮೇಸ್ತ್ರಿ: ಏನಂದ್ರಿ?

ಡಾಕ್ಟರು: ಮನೇಲಿ ಎಲ್ಲರಿಗೂ ಕೇಳಿಸುತ್ತೆ ಅಂತ ಹೊದ್ದಿಕೆ ಒಳಗೆ ಮಲಗಿ ಅಭ್ಯಾಸ ಮಾಡ್ತೀನಿ.

ಮೇಸ್ತ್ರಿ: ಹೊದ್ದಿಕೆಯಿಂದ ಗೀರು ಬೀಳಲ್ಲ ಡಾಕ್ಟ್ರೇ. ನಲವತ್ತು ವರ್ಷ ಹೊದ್ದಿಕೆ ಒಳಗಿದ್ದ ಗಿಟಾರು ಹೀಗೇ ಇರುತ್ತೆ, ನೋಡಿ, ಫಳಫಳ ಅಂತ!

ಡಾಕ್ಟರು: ನಿಂತು ಅಂತಲೇ ಬರ್ಕೊಳ್ಳಿ.

ಮೇಸ್ತ್ರಿ: ಸಿಗರೇಟು? ಹಳಬರು ನುಡಿಸುವಾಗ ಮೇಲ್ತುದೀಲಿ ತಂತಿಗೆ ಸಿಕ್ಕಿಸಿ ಮರೆತುಬಿಡ್ತಾರೆ. ಅಲ್ಲಿ ಸುಟ್ಟ ಕಲೆ ಇರುತ್ತೆ.

ಡಾಕ್ಟರು: ಛೆ ಛೆ! ಹಲ್ಲಿನ ಗತಿ ಏನಾಗ್ಬೇಕು?

ಮೇಸ್ತ್ರಿ: ಜಗಳ? ವೇದಿಕೆ ಮೇಲೆ ಯಾರಿಗಾದ್ರೂ ಎತ್ತಿ ಬಾರಿಸಿದ್ದು?

ಡಾಕ್ಟರು: ನಮ್ಮಲ್ಲಿ ಡ್ರಮ್ಸ್ ನುಡಿಸೋರು ನನ್ನ ಹೆಂಡ್ತಿ ಅಣ್ಣ.

ಹೆಂಡತಿ: ಹಾಗಾದ್ರೆ ಆಸೆ ಮಾತ್ರ ಇರುತ್ತೆ. ಗೀರು ಬೇಡ.

ಮೇಸ್ತ್ರಿ: ನಿಮಗೀಗ ಎಷ್ಟು ವಯಸ್ಸು?

ಡಾಕ್ಟರು: ನಲವತ್ತೊಂದು.

ಮೇಸ್ತ್ರಿ: ಅಂದ್ರೆ ಅಂಬೆಗಾಲಿಡುವಾಗ್ಲೇ ವೇದಿಕೆ ಹತ್ತಿದ್ದೀರಿ.

ಡಾಕ್ಟರು: (ಯೋಚಿಸಿ) ಮೊದಲು ನಮ್ಮಪ್ಪಂದಾಗಿತ್ತು ಅನ್ನೋಣ.

ಮೇಸ್ತ್ರಿ: ಅವರು ನುಡಿಸ್ತಿದ್ರಾ?

ಡಾಕ್ಟರು: ಅವರು ಅಂಚೆ ಕಚೇರೀಲಿದ್ರು. ಮನೇಲಿ ರೇಡಿಯೋ ಹಾಕಿದ್ರೂ ತಲೆನೋವು ಅಂತಿದ್ರು.

ಹೆಂಡತಿ: ಮತ್ತಿನ್ನೇನು, ಎರಡು ಕಡೆ ಅಂಚೆ ಮೊಹರು ಒತ್ತಿ ಕೊಟ್ಟುಬಿಡಿ.

ಮೇಸ್ತ್ರಿ ಪೆನ್ಸಿಲನ್ನು ಗೆದ್ದವನಂತೆ ಕಿವಿಗೆ ಸಿಕ್ಕಿಸಿದ. ಹೆಂಡತಿ ಕಂಬಳಿಯ ಅಂಚು ಸರಿಪಡಿಸುತ್ತಾ ಅವನನ್ನೇ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವ ಹುಡುಗರನ್ನು ಅವಳು ನೋಡುವುದೂ ಹಾಗೆಯೇ.

ಹೆಂಡತಿ: ನಿಮಗೆ ಗೀರೋ ಮನಸ್ಸೂ ಇಲ್ಲ, ಕೊಡೋ ಮನಸ್ಸೂ ಇಲ್ಲ. ಹೋದ ತಿಂಗಳು ಮುಗೀತು ಅಂದ್ರಿ. ಮಾರನೇ ದಿನ, ಬೆನ್ನು ಇನ್ನೊಂದ್ಸಲ ಉಜ್ಜಬೇಕು ಅಂದ್ರಿ. ಗಿಟಾರಿನ ಬೆನ್ನು ಯಾರು ನೋಡ್ತಾರೆ?

ಮೇಸ್ತ್ರಿ: ನಾನು ನೋಡ್ತೀನಿ.

ಹೆಂಡತಿ: ನನ್ನ ಮುಖಾನ ನೀವು ಸರಿಯಾಗಿ ನೋಡಿ ಎಂಟು ತಿಂಗಳಾಯ್ತು.

ಮೇಸ್ತ್ರಿ: ನಿನ್ನ ಮುಖದಲ್ಲಿ ಉಜ್ಜೋ ಕೆಲಸ ಏನೂ ಬಾಕಿ ಇಲ್ವಲ್ಲೇ.

ಇದು ಹೊಗಳಿಕೆಯೋ ಅಲ್ಲವೋ ಎಂದು ಹೆಂಡತಿ ತೀರ್ಮಾನಿಸುವಷ್ಟರಲ್ಲಿ ಡಾಕ್ಟರು ಎದ್ದು ತೋಳು ಮಡಿಸಿದರು.

ಡಾಕ್ಟರು: ಬಿಡಿ ಮೇಸ್ತ್ರಿ, ನಾನೇ ಮಾಡ್ತೀನಿ. ಕೊರೆಯೋದು ಕೆರೆಯೋದು ನನಗೇನು ಹೊಸದಲ್ಲ.

ಅವರು ಸ್ಕ್ರೂಡ್ರೈವರುಗಳಲ್ಲೆಲ್ಲ ಸಣ್ಣದನ್ನು ಆರಿಸಿದರು. ಮೇಜಿನ ದೀಪವನ್ನು ಕೆಳಗೆ ಬಗ್ಗಿಸಿ, ತಾವೂ ಬಗ್ಗಿ, ದನಿ ಮೆತ್ತಗೆ ಮಾಡಿದರು.

ಡಾಕ್ಟರು: ಏನೂ ಆಗಲ್ಲ, ಒಂದೇ ನಿಮಿಷ. ನೋವಾದ್ರೆ ಎಡಗೈ ಎತ್ತಿ.

ಇದನ್ನು ಅವರು ಗಿಟಾರಿಗೆ ಹೇಳಿದ್ದು. ಸ್ಕ್ರೂಡ್ರೈವರಿನ ಮೊನೆ ಮೆರುಗನ್ನು ಮುಟ್ಟಲು ಇನ್ನೂ ಎರಡು ಬೆರಳಿನಷ್ಟು ಅಂತರವಿತ್ತು. ಅಷ್ಟರಲ್ಲಿ ಮೇಸ್ತ್ರಿಯ ಎಡಗೈ ತಾನಾಗಿ ಮೇಲೆದ್ದಿತು. ಎತ್ತಿದ ಕೈ ಕಂಡರೆ ಕೆಲಸ ನಿಲ್ಲಿಸುವುದು ಹದಿನೈದು ವರ್ಷದ ಅಭ್ಯಾಸ, ಡಾಕ್ಟರು ನಿಲ್ಲಿಸಿಬಿಟ್ಟರು.

ಡಾಕ್ಟರು: ನಿಮಗ್ಯಾಕ್ರೀ ನೋವು?

ಮೇಸ್ತ್ರಿ: ಗೊತ್ತಿಲ್ಲ ಡಾಕ್ಟ್ರೇ. ಇಲ್ಲಿ, ಹಿಂದಿನ ದವಡೇಲಿ.

ಹೆಂಡತಿ: ಸರಿಹೋಯ್ತು. ಅಲ್ಲಾ ಡಾಕ್ಟ್ರೇ, ಬಂದಾಗಿಂದ ಹಳೇದು ಹೊಸದು ಅಂತಿದ್ದೀರಿ. ಒಂದ್ಸಲ ನುಡಿಸಿಯಾದ್ರೂ ನೋಡಿದ್ರಾ?

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಮೇಸ್ತ್ರಿ ಗಿಟಾರಿನ ಪಟ್ಟಿಯನ್ನು ಡಾಕ್ಟರ ಹೆಗಲಿಗೆ ಹಾಕಿ, ವೈರನ್ನು ಸ್ಪೀಕರಿಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದ. ಮೂರನೆಯ ಹೆಜ್ಜೆ ಸರಿಯಲು ಆಗಲಿಲ್ಲ. ಡಾಕ್ಟರು ತಮಗೆ ಬರುವ ನಾಲ್ಕರಲ್ಲಿ ಒಂದನ್ನು ನುಡಿಸಿದರು, ಎರಡು ಕಡೆ ತಪ್ಪಿದರು. ಮತ್ತೆ ನುಡಿಸಿದರು, ಒಂದೇ ಕಡೆ ತಪ್ಪಿದರು. ಮೂರನೆಯ ಸಲ ಅವರು ಕಣ್ಣು ಮುಚ್ಚಿದ್ದರು. ಗೂಡುಗಳಲ್ಲಿದ್ದ ಮೊಳೆ ಡಬ್ಬಿಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟಿದವು. ತನ್ನ ಗಿಟಾರು ಇನ್ನೊಬ್ಬರ ಕೈಯಲ್ಲಿ ಹಾಡುವುದನ್ನು ಮೇಸ್ತ್ರಿ ಕೇಳಿದ್ದು ಇದೇ ಮೊದಲು. ಅವನಿಗೆ ಬಹಳ ಸಂತೋಷವಾಯಿತು, ಅಷ್ಟೇ ಹೊಟ್ಟೆಕಿಚ್ಚೂ ಆಯಿತು. ಡಾಕ್ಟರು ಹುರುಪಿನಲ್ಲಿ ಸೊಂಟ ತಿರುಗಿಸಿ ಗಿಟಾರನ್ನು ಹೊಟ್ಟೆಗೆ ಅವುಚಿಕೊಂಡರು. ಕರ್ರ್ ಎಂದಿತು.

ಡಾಕ್ಟರು: ಏನದು ಸದ್ದು?

ಮೇಸ್ತ್ರಿ: (ಸಣ್ಣ ದನಿಯಲ್ಲಿ) ತಿರುಗಿಸಿ.

ನಾಳೆ ವೇದಿಕೆಯ ಮೇಲೆ ನುರಿತವನಂತೆ ಕಾಣಲೆಂದು ಡಾಕ್ಟರು ಒಂದು ದೊಗಳೆ ಪ್ಯಾಂಟನ್ನೂ, ಅದಕ್ಕೆ ಅಂಗೈ ಅಗಲದ ಹಿತ್ತಾಳೆ ಬಕಲ್ಲಿನ ಬೆಲ್ಟನ್ನೂ ತಂದು, ರೂಢಿಯಾಗಲಿ ಎಂದು ಇವತ್ತೇ ತೊಟ್ಟು ಬಂದಿದ್ದರು. ಆ ಬಕಲ್ಲು ಗಿಟಾರಿನ ಬೆನ್ನ ಮೇಲೆ ಒಂದು ಗೇಣುದ್ದ ಗೀರು ಎಳೆದಿತ್ತು.

ಡಾಕ್ಟರು: ಒರೆಸಿದ್ರೆ ಹೋಗುತ್ತಾ?

ಮೇಸ್ತ್ರಿ: ಇಲ್ಲ.

ಡಾಕ್ಟರು: ಉಗುರಿಗೆ ಸಿಗುತ್ತೆ ಮೇಸ್ತ್ರಿ! ಆಳ ಇದೆ!

ಹೆಂಡತಿ: ಒಳ್ಳೇದೇ ಆಯ್ತಲ್ಲ ಡಾಕ್ಟ್ರೇ. ಬೆಳಗ್ಗೆಯಿಂದ ಗೀರು ಗೀರು ಅಂತಿದ್ರಿ.

ಡಾಕ್ಟರು: ನಾನು ಕೇಳಿದ್ದು ಯಾರೋ ಹಾಕಿದ ಗೀರು ಮೇಡಂ! ಇದು ನಾನು ಹಾಕಿದ್ದು! ಎಂಟು ತಿಂಗಳು ಕಾದು ಇವತ್ತು ಕೈಗೆ ಬಂತು, ಐದು ನಿಮಿಷದಲ್ಲಿ ಹಾಳು ಮಾಡ್ಬಿಟ್ಟೆ. ನೋಡಿ ಎಷ್ಟು ಚೆನ್ನಾಗಿತ್ತು ಬೆನ್ನು!

ಮೇಸ್ತ್ರಿ: (ಹೆಂಡತಿಗೆ) ಕೇಳಿಸ್ತಾ? ಬೆನ್ನು.

ಡಾಕ್ಟರು: ಇದನ್ನ ಅಳಿಸಿಕೊಡಿ. ಎಷ್ಟು ದಿನ ಬೇಕಾದ್ರೂ ತಗೊಳ್ಳಿ. ನಾಳೆ ಮನೇಲಿರೋ ಅಭ್ಯಾಸದ ಗಿಟಾರಲ್ಲೇ ನುಡಿಸ್ತೀನಿ. ಇದು ಇಲ್ಲೇ ಇರ್ಲಿ.

ಇದು ಇಲ್ಲೇ ಇರಲಿ. ಇಷ್ಟು ಇಂಪಾದ ಮಾತನ್ನು ಮೇಸ್ತ್ರಿ ಎಂಟು ತಿಂಗಳಲ್ಲಿ ಕೇಳಿರಲಿಲ್ಲ. ಹಳೇ ಬಣ್ಣ ತೆಗೆಯಲು ಒಂದು ವಾರ, ಮತ್ತೆ ಹದಿನಾಲ್ಕು ಸಲ ಬಳಿದು ಉಜ್ಜಲು ಎರಡು ತಿಂಗಳು. ಸ್ವಲ್ಪ ನಿಧಾನಿಸಿದರೆ ಮೂರು. ನಿಧಾನಿಸುವುದರಲ್ಲಿ ಅವನನ್ನು ಮೀರಿಸುವವರು ಯಾರಿದ್ದಾರೆ? ಕೈ ಮುಂದೆ ಹೋಯಿತು. ಯಾವುದಕ್ಕೂ ಒಂದು ಮಾತು ಸೇರಿಸುವ ಹೆಂಡತಿ ಸುಮ್ಮನೆ ನಿಂತದ್ದು ಕಂಡು ಮೇಸ್ತ್ರಿಗೆ ಭಯವಾಯಿತು, ಆಮೇಲೆ ನಾಚಿಕೆಯಾಯಿತು. ಅವನು ಗಿಟಾರನ್ನು ತೆಗೆದುಕೊಂಡು, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಮೂರು ಕೊಂಡಿಗಳಿದ್ದವು. ಮೂರನೆಯದನ್ನು ಹಾಕಲು ಸ್ವಲ್ಪ ಹೊತ್ತು ಹಿಡಿಯಿತು.

ಮೇಸ್ತ್ರಿ: ತಗೊಂಡು ಹೋಗಿ ಡಾಕ್ಟ್ರೇ. ಆ ಗೀರು ನಾನು ಅಳಿಸಲ್ಲ.

ಡಾಕ್ಟರು: ಯಾಕ್ರೀ?

ಮೇಸ್ತ್ರಿ: ಇಷ್ಟು ಹೊತ್ತೂ ಅದು ನಂದಾಗಿತ್ತು. ಗೀರು ಬಿದ್ದ ಮೇಲೆ ನಿಮ್ಮದಾಯ್ತು. ಅಳಿಸಿದ್ರೆ ಮತ್ತೆ ನಂದಾಗಿಬಿಡುತ್ತೆ. ಆಮೇಲೆ ನಾನು ಕೊಡಲ್ಲ.

ಹೆಂಡತಿ: ನಿಜ ಹೇಳ್ತಿದ್ದಾರೆ ಡಾಕ್ಟ್ರೇ. ಓಡಿ.

ಡಾಕ್ಟರು ಸರಕ್ಕನೆ ಸೊಂಟದಿಂದ ಬೆಲ್ಟು ಎಳೆದು, ತಪ್ಪು ಮಾಡಿದವನನ್ನು ಹೊರಹಾಕುವಂತೆ ಬೆಂಚಿನ ಮೇಲೆ ಎಸೆದು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೊರಟೇಹೋದರು. ಬಾಗಿಲು ತಾನೇ ಮುಚ್ಚಿಕೊಂಡಿತು. ಬೆಂಚು ಬೋಳಾಗಿ ಕಂಡಿತು.

ಮೇಸ್ತ್ರಿ: ಹೋಯ್ತಲ್ಲೇ.

ಹೆಂಡತಿ: ಹೋಯ್ತು. ನೆಂಟರಲ್ಲದವರ ಕೈಗೇ ಹೋಯ್ತು. ಶೆಡ್ಡು ನಿಮ್ಮದೇ, ಇಟ್ಕೊಳ್ಳಿ. (ಹತ್ತಿರ ಬಂದು) ಅಳ್ತಿದ್ದೀರಾ?

ಮೇಸ್ತ್ರಿ: ಇಲ್ಲಪ್ಪ. ಕಣ್ಣಿಗೆ ಮರದ ಪುಡಿ.

ಹೆಂಡತಿ: ಮರ ಕೊರೆದು ನಾಲ್ಕು ತಿಂಗಳಾಯ್ತು.

ಮೇಸ್ತ್ರಿ: ಹಳೇ ಪುಡಿ.

ಅವಳು ಸೆರಗಿನ ತುದಿ ಚಾಚಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರು ನಿಂತಿದ್ದರು. ಬಲಗೈಯಲ್ಲಿ ಪೆಟ್ಟಿಗೆ, ಎಡಗೈ ಪ್ಯಾಂಟಿನ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು.

ಮೇಸ್ತ್ರಿ: ಬೆಲ್ಟು ತಾನೇ? ಇಲ್ಲೇ ಇದೆ, ತಗೊಳ್ಳಿ.

ಡಾಕ್ಟರು: ಬೇಡ, ಅದನ್ನ ನನ್ನ ಹತ್ರ ತರಬೇಡಿ! ಕೇಳೋಕೆ ಬಂದೆ ಅಷ್ಟೇ. ಇದನ್ನ ಒರೆಸೋಕೆ ಎಂಥ ಬಟ್ಟೆ ಒಳ್ಳೇದು?

ಹೆಂಡತಿ: ಡಾಕ್ಟ್ರೇ, ನಾಳೆ ಇನ್ನೂರು ಜನರ ಮುಂದೆ ಬೆಲ್ಟಿಲ್ಲದೆ ನಿಲ್ತೀರಾ? ಎಲ್ಲ ನಗ್ತಾರೆ.

ಡಾಕ್ಟರು: ನಗ್ಲಿ ಮೇಡಂ! ಬಿದ್ದು ಬಿದ್ದು ನಗ್ಲಿ. ಇದಕ್ಕೆ ಇನ್ನೊಂದು ಗೀರು ಬೀಳಬಾರ್ದು.

ಮೇಸ್ತ್ರಿ ಅವರನ್ನು ಅಡಿಯಿಂದ ಮುಡಿಯವರೆಗೂ ನೋಡಿದ. ತನ್ನಷ್ಟು ತಲೆಕೆಟ್ಟವನು ಈ ಊರಲ್ಲಿ ಇನ್ನೊಬ್ಬನಿದ್ದಾನೆ ಎಂದು ಅವನಿಗೆ ಮೊದಲ ಬಾರಿಗೆ ಧೈರ್ಯ ಬಂತು.

ಮೇಸ್ತ್ರಿ: ಅದೆಲ್ಲ ಸರಿ ಡಾಕ್ಟ್ರೇ. ಆದ್ರೆ ಗಿಟಾರು ನುಡಿಸೋಕೆ ಎರಡೂ ಕೈ ಬೇಕು.