ನೀರಣ್ಣನನ್ನು ನೋಡಲು ಮೂರನೇ ತಿರುವಿಗೆ

ಹಲ್ಲಪ್ಪನ ಫಜೀತಿ ಶುರುವಾದದ್ದು ಬೆಳಿಗ್ಗೆ ಬ್ರೆಡ್ ತರಲು ಹೋದಾಗ. ಬ್ರೆಡ್ ತೆಗೆದುಕೊಂಡು ಸುಮ್ಮನೆ ಮನೆಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಬೇಕರಿಯ ಗೋಡೆಗೆ ಅಂಟಿಸಿದ್ದ ಸೈಕಲ್ ರೇಸಿನ ಪಟ್ಟಿಯನ್ನು ನೋಡಿ, ಯಾರೂ ಕೇಳದಿದ್ದರೂ, "ಏನೇ ಅನ್ನಿ, ನೀರಣ್ಣ ಇಲ್ಲದಿದ್ರೆ ಕೊಕ್ಕರೆ ಅರ್ಧ ಗುಡ್ಡಾನೂ ಹತ್ತಲ್ಲ" ಅಂದುಬಿಟ್ಟ.

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆರಡು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಊರಿನವರಿಗೆಲ್ಲ ಹಲ್ಲಿನ ಸೆಟ್ ಮಾಡಿಕೊಡುತ್ತಿದ್ದವನನ್ನು ಊರು ಇನ್ನು ಹೇಗೆ ಕರೆಯಬೇಕು? ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಬಾಯಿ ನೋಡುವುದು ಅವನ ಅಭ್ಯಾಸ. ಯಾರಿಗೂ ಎದುರಾಡಿದವನಲ್ಲ. ವರ್ಷಕ್ಕೊಮ್ಮೆ ಹನ್ನೆರಡು ದಿನದ ರೇಸು ಬಂದಾಗ ಮಾತ್ರ ಅವನಿಗೆ ನಾಲಗೆಯ ಮೇಲೆ ಹಿಡಿತ ತಪ್ಪುತ್ತಿತ್ತು.

ಈ ಸಲವಂತೂ ರೇಸು ಅವರ ಊರಿನೊಳಗೇ ಬರುವುದಿತ್ತು. ಅವತ್ತೇ, ಮಧ್ಯಾಹ್ನ ಎರಡಕ್ಕೆ. ಹಲ್ಲಪ್ಪನ ಗೇಟಿನ ಮುಂದೆಯೇ ತಿರುಗಿ, ಊರಾಚೆಯ ಗುಡ್ಡ ಹತ್ತಿ ಹೋಗುವುದು. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಕಿತ್ತಳೆ ಅಂಗಿ ಸದ್ಯಕ್ಕೆ ಊರಿನವರು ರೋಡ್ ರೋಲರ್ ಎನ್ನುತ್ತಿದ್ದವನ ಮೈಮೇಲಿತ್ತು. ಕಂಬದಂಥ ತೊಡೆಗಳವನು, ಸಮತಟ್ಟು ರಸ್ತೆ ಸಿಕ್ಕರೆ ಯಾರ ಕೈಗೂ ಸಿಗದವನು. ಅವನಿಗಿಂತ ನಲವತ್ತು ಸೆಕೆಂಡು ಹಿಂದೆ ಕೊಕ್ಕರೆ. ಉದ್ದ ಕಾಲಿನವನು, ಗುಡ್ಡ ಕಂಡರೆ ರೆಕ್ಕೆ ಮೂಡುವವನು. ಇಬ್ಬರಿಗೂ ಊರಿನಲ್ಲಿ ಒಂದೊಂದು ಪಂಗಡವಿತ್ತು. ಮೂರನೆಯ ಪಂಗಡವೂ ಒಂದಿತ್ತು, ಅದರಲ್ಲಿ ಹಲ್ಲಪ್ಪ ಒಬ್ಬನೇ ಇದ್ದ.

ಅವನ ಮೆಚ್ಚಿನವನು ಕೊಕ್ಕರೆಯ ತಂಡದ ತೊಂಬತ್ತಾರನೇ ನಂಬರಿನವನು. ಹಿಂದಿನ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಬಂದು ತಂಡದವರಿಗೆಲ್ಲ ಹಂಚುವುದು, ಕೊಕ್ಕರೆಗೆ ಗಾಳಿ ತಾಗದಂತೆ ಮುಂದೆ ಮುಂದೆ ಹೋಗಿ ಎಳೆಯುವುದು, ಗುಡ್ಡದ ನಡುವೆ ಉಸಿರು ಕಟ್ಟಿ ಹಿಂದೆ ಬೀಳುವುದು. ಹನ್ನೊಂದು ವರ್ಷದಿಂದ ಇಷ್ಟೇ ಅವನ ಕೆಲಸ. ಟಿ.ವಿ.ಯವರು ಅವನ ಹೆಸರು ಹೇಳುತ್ತಿದ್ದುದು ಅವನು ಬಿದ್ದಾಗ ಮಾತ್ರ. ನೀರಣ್ಣ ಎಂದು ಹೆಸರಿಟ್ಟವನು ಹಲ್ಲಪ್ಪನೇ.

"ನೀರು ಹೊರೋನಿಂದ ರೇಸ್ ಗೆಲ್ಲೋದಾದ್ರೆ ನಮ್ಮ ಟ್ಯಾಂಕರ್ ಡ್ರೈವರ್‌ಗೂ ಒಂದು ಕಪ್ ಕೊಡ್ಬೇಕಾಗುತ್ತೆ" ಎಂದ ಬೇಕರಿಯವನು. ಅವನು ರೋಡ್ ರೋಲರ್ ಪಂಗಡದ ಮುಖಂಡ.

"ತಮಾಷೆ ಅಲ್ಲ. ಇವತ್ತು ನೋಡ್ತಿರು. ಮೂರನೇ ತಿರುವಿನವರೆಗೂ ಕೊಕ್ಕರೇನ ಎಳ್ಕೊಂಡು ಬರೋನು ನೀರಣ್ಣಾನೇ."

ಬನ್ ತಿನ್ನುತ್ತ ಕೂತಿದ್ದ ಭೂಗೋಳದ ಮೇಷ್ಟ್ರು ತಲೆ ಎತ್ತಿದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಯಾವ ಮಾತನ್ನೂ ಅಳತೆಯಿಲ್ಲದೆ ಬಿಟ್ಟವರಲ್ಲ. "ಮೂರನೇ ತಿರುವು ಅಂದ್ರೆ ನೂರಕ್ಕೆ ಹನ್ನೆರಡು ಏರು. ಅಲ್ಲಿ ಎಂಥೆಂಥವರೂ ನಡೆಯೋರ ಹಾಗೆ ಹೋಗ್ತಾರೆ. ನೋಡೋದಾದ್ರೆ ಅಲ್ಲೇ ನಿಂತು ನೋಡ್ಬೇಕು. ಬೆವರಿನ ಹನಿ ಲೆಕ್ಕ ಹಾಕಬಹುದು."

"ನಡೀರಿ ಹಾಗಾದ್ರೆ!" ಬೇಕರಿಯವನು ಏಪ್ರನ್ ಬಿಚ್ಚಿದ. "ಮೂರನೇ ತಿರುವಿನಲ್ಲಿ ನೀರಣ್ಣ ಕೊಕ್ಕರೆ ಮುಂದೆ ಇದ್ರೆ ವಾರವೆಲ್ಲಾ ಬೆನ್ನಿಗೆ ತೊಂಬತ್ತಾರು ಅಂತ ಬರ್ಕೊಂಡು ಬ್ರೆಡ್ ಮಾರ್ತೀನಿ. ಇಲ್ದಿದ್ರೆ ಅಲ್ಲೇ, ಎಲ್ಲರ ಎದುರಿಗೆ, ನೀನು ಕಿತ್ತಳೆ ಅಂಗಿ ಹಾಕ್ಕೋಬೇಕು."

"ನಾನು ಮನೆ ಗೇಟ್ ಹತ್ರಾನೇ ನಿಂತು..." ಎಂದು ಹಲ್ಲಪ್ಪ ಶುರುಮಾಡಿದ.

"ಗೇಟ್ ಹತ್ರ ಇಳಿಜಾರು. ಗಂಟೆಗೆ ಐವತ್ತು ಕಿಲೋಮೀಟರ್. ಕಣ್ಣು ಮಿಟುಕಿಸಿದ್ರೆ ಮುಗೀತು" ಎಂದರು ಮೇಷ್ಟ್ರು. ಹಲ್ಲಪ್ಪ ಪಂಥಕ್ಕೆ ಒಪ್ಪಿ, ಬ್ರೆಡ್ ಹಿಡಿದು ಮನೆಗೆ ನಡೆದ.

ಮನೆಯಲ್ಲಿ ಹೆಂಡತಿಗೆ ಇದು ಸರಿಕಾಣಲಿಲ್ಲ. "ಮನೆ ಮುಂದೇನೇ ಹೋಗ್ತಾರಂತೆ. ಅಷ್ಟು ದೂರ ಬಿಸಿಲಲ್ಲಿ ಹತ್ಕೊಂಡು ಹೋಗ್ಬೇಕಾ ರೀ?"

"ನಿಂಗೆ ರೇಸಿನ ತಂತ್ರ ಗೊತ್ತಾಗಲ್ಲ ಕಣೇ" ಎಂದು ಹಲ್ಲಪ್ಪ ಗೇಟಿಗೆ ಬಳಿದು ಉಳಿದಿದ್ದ ಬಿಳಿ ಬಣ್ಣದ ಡಬ್ಬಿ, ಒಂದು ಬ್ರಷ್ಷು ತೆಗೆದುಕೊಂಡ. ನೀರಣ್ಣನ ಹೆಸರನ್ನು ಇಷ್ಟು ವರ್ಷದಲ್ಲಿ ಯಾರೂ ರಸ್ತೆಯ ಮೇಲೆ ಬರೆದಿರಲಿಲ್ಲ. ಅದನ್ನು ಬರೆಯಬೇಕೆಂಬುದು ಅವನ ಬಹಳ ದಿನದ ಆಸೆ.

ಮೂರನೇ ತಿರುವು ತಲುಪುವಷ್ಟರಲ್ಲಿ ಮೂವರ ಉಸಿರೂ ಹಳೇ ಹಾರ್ಮೋನಿಯಂ ಆಗಿತ್ತು. ದಾರಿಯುದ್ದಕ್ಕೂ ವಾದ ಮಾತ್ರ ನಿಂತಿರಲಿಲ್ಲ. ಕೊಕ್ಕರೆ ಗುಡ್ಡದ ಬುಡದಲ್ಲೇ ಹಾರಬೇಕು ಎಂದು ಮೇಷ್ಟ್ರು. ಹಾರಿದರೆ ತುದಿಯಲ್ಲಿ ರೋಡ್ ರೋಲರ್ ಅವನ ರೆಕ್ಕೆ ಕೀಳುತ್ತಾನೆ ಎಂದು ಬೇಕರಿಯವನು. ನೀರಣ್ಣನಿಗೆ ಬೆಳಿಗ್ಗೆ ತಿಂಡಿ ಸರಿಯಾಗಿ ಸಿಕ್ಕಿರುತ್ತದೋ ಇಲ್ಲವೋ ಎಂಬುದು ಹಲ್ಲಪ್ಪನ ಚಿಂತೆ.

ಹಲ್ಲಪ್ಪ ಮೊಣಕಾಲೂರಿ ಬರೆಯಲು ಕೂತ. ದಿನವೆಲ್ಲ ಅಕ್ಕಿಕಾಳಿನಷ್ಟು ಚಿಕ್ಕ ಹಲ್ಲುಗಳನ್ನು ತೀಡುವ ಕೈಗೆ ಅವತ್ತು ಇಡೀ ರಸ್ತೆ ಸಿಕ್ಕಿತ್ತು. ಆ ಸಂತೋಷದಲ್ಲಿ ಅಳತೆ ತಪ್ಪಿತು. ಎತ್ತಿನಗಾಡಿಯಷ್ಟು ದೊಡ್ಡದಾಗಿ 'ನೀ' ಎಂದು ಬರೆದು ಮುಗಿಸಿ ಡಬ್ಬಿಯೊಳಗೆ ನೋಡಿದರೆ ತಳ ಕಾಣುತ್ತಿತ್ತು.

"ನೀ ಅಂದ್ರೆ ಯಾರು? ನಾನಾ?" ಎಂದರು ಮೇಷ್ಟ್ರು.

ಹಲ್ಲಪ್ಪ ಪಕ್ಕದ ಗುಂಪಿನಲ್ಲಿ ಬಣ್ಣ ಬೇಡಲು ಹೋದ. ಯಾರಲ್ಲೂ ಇರಲಿಲ್ಲ. ಬರಿಗೈಯಲ್ಲಿ ತಿರುಗಿ ಬರುವಷ್ಟರಲ್ಲಿ ಬೇಕರಿಯವನು ಡಬ್ಬಿ ಕೆರೆದೂ ಕೆರೆದೂ ಮುಂದೆ ಎರಡು ಸಣ್ಣ ಅಕ್ಷರ ಸೇರಿಸಿದ್ದ. ಈಗ ರಸ್ತೆಯ ಮೇಲೆ 'ನೀ ಸೋತೆ' ಎಂದು ಇತ್ತು.

"ಅಯ್ಯೋ, ಅವನು ಅದನ್ನ ಓದಿದ್ರೆ!" ಹಲ್ಲಪ್ಪ ಬ್ರಷ್ಷು ಕಸಿದುಕೊಂಡು ಉಜ್ಜಿ ಅಳಿಸಲು ಬಗ್ಗಿದ. ಅದೇ ಹೊತ್ತಿಗೆ ಹಳದಿ ಜಾಕೆಟ್ಟಿನ ಮೇಲ್ವಿಚಾರಕಿ ಶಿಳ್ಳೆ ಊದುತ್ತ ಬಂದಳು.

"ರೀ ಯಜಮಾನ್ರೇ! ಒಬ್ಬ ಆಟಗಾರನಿಗೆ ಸೋತೆ ಅಂತ ಬರೀತೀರಲ್ಲ, ನಾಚಿಕೆ ಆಗಲ್ವಾ?"

"ನಾನು ಬರ್ದಿದ್ದು 'ನೀ' ಮಾತ್ರ ಮೇಡಂ."

"ಇಷ್ಟು ವಯಸ್ಸಾಗಿದೆ, ಏಕವಚನ ಬೇರೆ!"

ಬೇಕರಿಯವನು ಆಕಾಶದಲ್ಲಿ ಯಾವುದೋ ಹಕ್ಕಿಯನ್ನು ಗಮನಿಸುತ್ತಿದ್ದ. ಮೇಲ್ವಿಚಾರಕಿ ಹಲ್ಲಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಅವಳಿಗೆ ಒಬ್ಬ ಆಳು ಕಡಿಮೆ ಬಿದ್ದಿತ್ತು. "ಹೊರಗೆ ಕಳಿಸಬೇಕು ನಿಮ್ಮನ್ನ. ಹೋಗ್ಲಿ, ತಪ್ಪಿಗೆ ಕೆಲಸ ಮಾಡಿ. ಈ ಹಗ್ಗ ಹಿಡ್ಕೊಂಡು ಜನರ ಕಡೆ ಮುಖ ಮಾಡಿ ನಿಲ್ಲಿ. ಯಾರೂ ರಸ್ತೆಗೆ ಇಳೀಬಾರದು. ಕೊನೇ ಕಾರು ಹೋಗೋವರೆಗೂ ಹಿಂದೆ ತಿರುಗೋ ಹಾಗಿಲ್ಲ. ನೀವು ತಿರುಗಿದ್ರೆ ಎಲ್ಲರೂ ನುಗ್ತಾರೆ, ಸೈಕಲ್‌ನವರು ಬೀಳ್ತಾರೆ."

ಸೈಕಲ್‌ನವರು ಬೀಳುತ್ತಾರೆ ಎಂಬ ಆ ಒಂದು ಮಾತಿಗೆ ಹಲ್ಲಪ್ಪ ಬೆಚ್ಚಿದ. ನೀರಣ್ಣ ಮೊದಲೇ ಬೀಳುವ ಜಾತಕದವನು. ಹಗ್ಗ ಹಿಡಿದು, ರಸ್ತೆಗೆ ಬೆನ್ನು ಹಾಕಿ ನಿಂತ.

ಗಂಟೆ ಎರಡೂ ಕಾಲು ಆಗುವಷ್ಟರಲ್ಲಿ ಕೆಳಗಿನಿಂದ ಗದ್ದಲ ಏರಿ ಬಂತು. ಮೋಟಾರ್ ಸೈಕಲ್ಲು, ಹಾರನ್ನು, ಮೇಲೆ ಹೆಲಿಕಾಪ್ಟರು. ಹಲ್ಲಪ್ಪನ ಎದುರಿಗೆ ಇದ್ದದ್ದು ನೂರಾರು ಬಾಯಿಗಳು. ಎಲ್ಲವೂ ಒಟ್ಟಿಗೆ ತೆರೆದವು. ಅದರಲ್ಲಿ ಎರಡು ಸೆಟ್ಟು ಅವನೇ ಮಾಡಿಕೊಟ್ಟದ್ದು. ಒಂದು ಸ್ವಲ್ಪ ಸಡಿಲವಾಗಿದೆ, ಮುಂದಿನ ವಾರ ಕರೆಸಬೇಕು ಎಂದು ಆ ಗಲಾಟೆಯಲ್ಲೂ ಅನ್ನಿಸಿತು. ಬೆನ್ನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಏದುಸಿರು, ಚೈನಿನ ಕಿರ್ ಕಿರ್. ಬೆವರೋ ನೀರೋ ಒಂದು ಹನಿ ಕತ್ತಿನ ಮೇಲೆ ಬಿತ್ತು. ಅವನ ಕತ್ತು ತಾನಾಗಿಯೇ ಅರ್ಧ ಇಂಚು ತಿರುಗಿತು. ಹಗ್ಗದಡಿ ಒಬ್ಬ ತಲೆ ತೂರಿಸಿದ. ಹಲ್ಲಪ್ಪ ಕತ್ತನ್ನು ವಾಪಸು ತಂದ.

"ಮೇಷ್ಟ್ರೇ! ತೊಂಬತ್ತಾರು ಬಂದ್ನಾ?"

"ಕೊಕ್ಕರೆ ಒಬ್ಬನೇ ಒದ್ದಾಡ್ತಿದಾನೆ. ಮುಂದೆ ಯಾರೂ ಇಲ್ಲಪ್ಪ!"

"ಹಿಂದೆ?"

"ಹಿಂದೇನೂ ಅವನಿಲ್ಲ!"

ಕೊನೆಯ ಕಾರು ಹೋಯಿತು. ಹಲ್ಲಪ್ಪ ತಿರುಗಿ ನೋಡಿದಾಗ ಖಾಲಿ ರಸ್ತೆ, ಅದರ ಮೇಲೆ ಅರ್ಧ ಅಳಿಸಿದ 'ನೀ ಸೋತೆ'. ಗುಡ್ಡದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನೀರಣ್ಣನಿಗೆ ಏನಾಯಿತೆಂದು ಹೇಳುವವರು ಯಾರೂ ಇರಲಿಲ್ಲ. ಬೇಕರಿಯವನು ಚೀಲದಿಂದ ಕಿತ್ತಳೆ ಅಂಗಿ ತೆಗೆದ. ಗೆದ್ದ ಗತ್ತಿನಲ್ಲೇ ತೆಗೆದನಾದರೂ ಹಲ್ಲಪ್ಪನ ಮುಖ ನೋಡಿ ದನಿ ತಗ್ಗಿಸಿದ. "ಬೇಡ ಅಂದ್ರೆ ಬಿಡೋಣ ಕಣೋ."

"ಮಾತು ಅಂದ್ರೆ ಮಾತು" ಎಂದು ಹಲ್ಲಪ್ಪ ಅಂಗಿ ತೊಟ್ಟ. ಅದು ಬೇಕರಿಯವನ ಅಳತೆಯದು. ಅವನ ಮೇಲೆ ಡೇರೆಯ ಹಾಗೆ ಇಳಿಬಿತ್ತು.

ಇಳಿಯುವಾಗ ಎದುರಿಗೆ ಒಂದು ಬಿಳಿ ವ್ಯಾನು ನಿಧಾನವಾಗಿ ಗುಡ್ಡ ಹತ್ತುತ್ತ ಬಂತು. ಕಿಟಕಿಯ ಪಕ್ಕ ಒಬ್ಬ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದ. ಹಲ್ಲಪ್ಪ ಅಭ್ಯಾಸದಂತೆ ಬಾಯಿ ನೋಡಿದ. ಬಾಯಿ ಕಾಣಲಿಲ್ಲವಾದ್ದರಿಂದ ಮುಖವನ್ನು ಗಮನಿಸಲಿಲ್ಲ. ಆ ಮನುಷ್ಯ ಕಿತ್ತಳೆ ಅಂಗಿಯನ್ನೊಮ್ಮೆ ನೋಡಿ ಮುಖವನ್ನು ಆ ಕಡೆ ತಿರುಗಿಸಿಕೊಂಡ. ವ್ಯಾನು ಮೇಲೆ ಹೋಯಿತು.

ಮನೆಯಲ್ಲಿ ಹೆಂಡತಿ ಮುಂದಿನ ಕೋಣೆಯ ನೆಲ ಒರೆಸುತ್ತಿದ್ದಳು. "ಇದೇನ್ರೀ ಈ ಅಂಗಿ?"

"ಸೋತೆ" ಎಂದು ಹಲ್ಲಪ್ಪ ಕುರ್ಚಿಯಲ್ಲಿ ಕುಸಿದ.

"ಇವತ್ತು ಯಾಕೋ ಎಲ್ಲರೂ ಸೋಲೋ ದಿನ. ನಮ್ಮ ಗೇಟಿನ ಹತ್ರಾನೂ ಒಬ್ಬ ಬಿದ್ದ ರೀ. ಪಾಪ, ಎಲ್ಲರೂ ಬಿಟ್ಟು ಹೋಗಿದ್ರು ಅಂತ ಕಾಣುತ್ತೆ. ಹಿಂದೆ ಮುಂದೆ ಯಾರೂ ಇಲ್ಲ, ಒಬ್ಬನೇ ಬಂದ. ತಿರುಗೋವಾಗ ಜಾರಿ, ದೊಪ್ ಅಂತ ಬಿದ್ದ. ಅವರ ಡಾಕ್ಟ್ರು ಬಂದು ಮಂಡಿಗೆ ಪಟ್ಟಿ ಕಟ್ಟಿ, ಇನ್ನು ಸೈಕಲ್ ಹತ್ತೋ ಹಾಗಿಲ್ಲ, ವ್ಯಾನ್ ಬರೋವರೆಗೂ ಕೂತಿರು ಅಂದ್ರು. ನಾನೇ ಒಳಗೆ ಕರ್ಕೊಂಡು ಬಂದು ಕೂರಿಸಿದೆ. ಆಮೇಲೆ ನೋಡಿ, ದಂಡು ದಂಡಾಗಿ ಸೊಯ್ ಅಂತ ಬಂದ್ರು ಮಿಕ್ಕವರು. ಒಬ್ಬನಾದ್ರೂ ನಿಂತು ಏನಾಯ್ತಪ್ಪ ಅಂತ ಕೇಳಬಾರದಾ?"

ಹಲ್ಲಪ್ಪ ನಿಧಾನವಾಗಿ ನೆಟ್ಟಗೆ ಕೂತ. "ಮಿಕ್ಕವರು ಆಮೇಲೆ ಬಂದ್ರಾ?"

"ಹೂಂ. ಐದು ನಿಮಿಷ ಆಗಿತ್ತು."

"ಅವನ ನಂಬರ್ ನೋಡಿದ್ಯಾ?"

"ತೊಂಬತ್ತಾರು. ಅಂಗಿ ಮೇಲಿನ ರಕ್ತ ನಾನೇ ಒರೆಸಿದ್ದಲ್ವಾ. ಹನ್ನೊಂದು ವರ್ಷದಿಂದ ದುಡೀತಿದಾನಂತೆ ರೀ. ಇವತ್ತು ಬೆಳಿಗ್ಗೆ ಅವರ ಯಜಮಾನ್ರು ಕರೆದು, 'ಇವತ್ತು ಯಾರನ್ನೂ ಕಾಯಬೇಡ, ನೀನೊಬ್ಬನೇ ಹೋಗು' ಅಂದ್ರಂತೆ. ಕೆಲಸದಿಂದ ತೆಗೆದುಬಿಟ್ರು ಅಂತ ಕಾಣುತ್ತೆ."

"ಅವನು ಕೊನೆಯವನಲ್ಲ ಕಣೇ" ಎಂದ ಹಲ್ಲಪ್ಪ. "ಮೊದಲನೆಯವನು. ಎಲ್ಲರಿಗಿಂತ ಐದು ನಿಮಿಷ ಮುಂದೆ."

"ಹೌದಾ? ಒಬ್ಬನೇ ಬಂದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಕೊನೇಲಿ ಬಂದ್ರೇನಂತೆ, ಬಂದ್ಯಲ್ಲಪ್ಪ, ಸಾಕು ಅಂತ ಸಮಾಧಾನ ಮಾಡ್ದೆ. ಅವನು ನಕ್ಕ. ಆಗಲೇ ನೋಡಿದ್ದು, ಮುಂದಿನ ಹಲ್ಲು ಅರ್ಧ ಮುರಿದುಹೋಗಿದೆ."

ಅವಳು ಮೇಜಿನ ಕಡೆ ಕೈ ತೋರಿಸಿದಳು. ಹೆಂಗಸರು ಬಂದರೆ ಬಾಯಿಯ ಅಚ್ಚು ತೆಗೆಯುವವಳು ಅವಳೇ. ಮೇಜಿನ ಮೇಲೆ ಇನ್ನೂ ಬೆಚ್ಚಗಿದ್ದ ಪ್ಲಾಸ್ಟರ್ ಅಚ್ಚು ಕೂತಿತ್ತು, ಅಂಚುಗಳನ್ನು ಒಪ್ಪವಾಗಿ ತೀಡಿಟ್ಟಿದ್ದಳು. ಹಲ್ಲಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಎಡಗಡೆಯ ಕೋರೆಹಲ್ಲು ಸ್ವಲ್ಪ ಓರೆ. ಹನ್ನೊಂದು ವರ್ಷ ಟಿ.ವಿ.ಯಲ್ಲಿ ನೋಡಿದವನಿಗೆ ಅದು ಗೊತ್ತಿತ್ತು.

"ಈಗ ಎಲ್ಲಿದಾನೆ?"

"ಹೋದ. ಅರ್ಧ ಗಂಟೆ ಆಯ್ತು. ಬಿಳಿ ವ್ಯಾನಿನಲ್ಲಿ."

ಹಲ್ಲಪ್ಪ ಒಮ್ಮೆ ತನ್ನ ಮೈಮೇಲಿನ ಅಂಗಿಯನ್ನು ನೋಡಿಕೊಂಡ.

"ನಿಮ್ಮ ವಿಷಯಾನೂ ಹೇಳ್ದೆ" ಎಂದಳು ಅವಳು ಬಟ್ಟೆ ಹಿಂಡುತ್ತ. "ನಮ್ಮವರು ಯಾವನೋ ನೀರು ಹೊರೋನನ್ನ ನೋಡೋಕೆ ಅಂತ ಗುಡ್ಡ ಹತ್ತಿ ಹೋಗಿದಾರೆ, ವರ್ಷಾ ವರ್ಷಾ ಅವನದೇ ಧ್ಯಾನ ಅಂದೆ. ಅವನು ಟವೆಲ್‌ನಿಂದ ಮುಖ ಒರೆಸ್ಕೊಂಡ. ಕಣ್ಣಲ್ಲಿ ನೀರು ಬೇರೆ, ಹಲ್ಲು ನೋಯ್ತಿತ್ತೇನೋ. ನಾಳೆ ನಾನೇ ಬಂದು ಹಲ್ಲು ತಗೋತೀನಿ, ಅವರನ್ನ ನೋಡಿಯೇ ಊರಿಗೆ ಹೋಗೋದು ಅಂತ ಹಟ ಹಿಡಿದ."

"ನಾಳೇನಾ?" ಹಲ್ಲಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ನಾಳೆ ಎಷ್ಟು ಗಂಟೆಗೆ?"

"ಅಯ್ಯೋ, ಬೇಡ ಅಂದೆ ರೀ. ಆ ಮಂಡಿ ಇಟ್ಕೊಂಡು ಮತ್ತೆ ಇಷ್ಟು ದೂರ ಬರ್ಬೇಕಾ? ಸೀದಾ ಅಮ್ಮನ ಹತ್ರ ಹೋಗಿ ಮಲಕ್ಕೋ, ಹಲ್ಲು ಪೋಸ್ಟಲ್ಲಿ ಬರುತ್ತೆ ಅಂದೆ. ಒಪ್ಪಲೇ ಇಲ್ಲ. ಕೊನೆಗೆ, ನಮ್ಮವರಿಗೆ ಕೆಲಸದ ಹೊತ್ತಲ್ಲಿ ಯಾರಾದ್ರೂ ಬಂದು ಕೂತ್ರೆ ಆಗಲ್ಲಪ್ಪ, ಸಿಡುಕ್ತಾರೆ ಅಂತ ಒಂದು ಸುಳ್ಳು ಹೇಳ್ದೆ. ಆಗ ಒಪ್ಪಿ ವಿಳಾಸ ಬರ್ಕೊಟ್ಟು ಹೋದ."

ಹಲ್ಲಪ್ಪ ಅವಳ ಕಡೆ ನೋಡಿದ. ಹೆಂಡತಿಯ ಸೆರಗಿನ ಮೇಲೆ ರಕ್ತದ ಕಲೆಯಿತ್ತು, ಕೈಬೆರಳಿಗೆಲ್ಲ ಪ್ಲಾಸ್ಟರ್ ಅಂಟಿತ್ತು. ಮಧ್ಯಾಹ್ನದಿಂದ ಅವಳೂ ಕೂತಂತೆ ಕಾಣಲಿಲ್ಲ.

"ಒಳ್ಳೇದು ಮಾಡಿದೆ ಬಿಡು" ಎಂದ. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಹಲ್ಲಿನ ಬಣ್ಣದ ಪೆಟ್ಟಿಗೆ ತೆರೆದು ಕೆಲಸಕ್ಕೆ ಕೂತ.

ಅವಳು ಬಕೆಟ್ ಎತ್ತಿಕೊಂಡು ಬಾಗಿಲವರೆಗೆ ಹೋದವಳು ನಿಂತು ಕೇಳಿದಳು:

"ಅಂದ ಹಾಗೆ, ನಿಮ್ಮ ನೀರಣ್ಣ ಸಿಕ್ಕಿದ್ನಾ ರೀ?"

ಹಲ್ಲಪ್ಪ ಅಚ್ಚಿನಿಂದ ಕಣ್ಣೆತ್ತಲಿಲ್ಲ.

"ಸ್ವಲ್ಪದರಲ್ಲಿ ತಪ್ಪಿದ" ಎಂದ.