ಬೇಡ ಎಂದವರ ಕೈಗೊಂದು ತೆಂಗಿನಕಾಯಿ

ನಾವಿರುವುದು ಅಮೆರಿಕದ ಈ ತುದಿಯಲ್ಲಿ. ನಮ್ಮ ಮಗಳು ಅದಿತಿಗೆ ಆ ತುದಿಯಲ್ಲಿರುವ ಒಂದು ಕಾಲೇಜಿನ ಮೇಲೆ ಮನಸ್ಸು. ಸುಲಭವಾಗಿ ಸೀಟು ಕೊಡುವ ಕಾಲೇಜಲ್ಲ ಅದು. ಅರ್ಜಿ ಹಾಕಿದ ಮೇಲೆ ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. ಮಾರ್ಚಿನಲ್ಲಿ ನೋಡೋಣ ಎಂದರು. ಹುಡುಗಿ ಊಟ ಸರಿಯಾಗಿ ಮಾಡುವುದನ್ನೇ ಬಿಟ್ಟಳು. ನಿನ್ನ ಆಸಕ್ತಿ ಇನ್ನೂ ಹಾಗೇ ಇದೆ ಅಂತ ಅವರಿಗೆ ತೋರಿಸುತ್ತಿರು ಎಂದು ಸ್ಕೂಲಿನ ಕೌನ್ಸೆಲರ್ ಸಮಾಧಾನ ಹೇಳಿದರಂತೆ.

ಆಸಕ್ತಿ ತೋರಿಸುವುದೆ! ಆ ವಿದ್ಯೆಯನ್ನು ನನಗೆ ಯಾರೂ ಕಲಿಸಬೇಕಿಲ್ಲ. ನಾನು ಮೈಸೂರಿನವಳು. ಹೆಣ್ಣು ನೋಡಿ ಹೋದವರು ಸುದ್ದಿಯಿಲ್ಲದೆ ಕೂತರೆ, ನಮ್ಮಮ್ಮ ಯಾವುದೋ ನೆಪ ಮಾಡಿಕೊಂಡು ಅವರ ಮನೆಗೆ ಕೋಡುಬಳೆ ಕಳಿಸುತ್ತಿದ್ದಳು. ಸಂಬಂಧಗಳು ಕುದುರಿದ್ದು ಹಾಗೆಯೇ!

ಅಷ್ಟರಲ್ಲಿ ಆ ಕಾಲೇಜಿನ ಅಡ್ಮಿಷನ್ ಆಫೀಸಿನ ಹೆಂಗಸೊಬ್ಬರು ಮಕ್ಕಳನ್ನು ಮಾತಾಡಿಸಲು ನಾವಿರುವ ಮೌಂಟನ್ ವ್ಯೂಗೆ ಬರುತ್ತಾರೆಂದು ಗೊತ್ತಾಯಿತು. ಅದಿತಿ ಬಹಳ ತಯಾರಿ ಮಾಡಿಕೊಂಡಳು. ನನಗೆ ಅವಳು ಹಾಕಿದ್ದು ಒಂದೇ ಷರತ್ತು: ಕಾರಿನಲ್ಲೇ ಕೂತಿರಬೇಕು. ನನ್ನ ಕೈಯಲ್ಲಿದ್ದ ಚೀಲ ಕಂಡು ನಮ್ಮ ಧಾರವಾಡದ ಯಜಮಾನರು ಹೇಳಿದರು, "ಆಕೀನ ಮಾತಾಡ್ಲಿ ಬಿಡು. ನೀ ಏನೂ ಒಯ್ಯಬ್ಯಾಡ."

ಊರಿಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಕಾರಿನಲ್ಲಿ ನಾನು ಬಹಳ ಹೊತ್ತು ಕೂತಿದ್ದೆ. ಹತ್ತು ನಿಮಿಷವಾದರೂ ಆಗಿತ್ತು! ಸಭಾಂಗಣದೊಳಗೆ ಹೋದಾಗ ಅದಿತಿ ಆ ಹೆಂಗಸಿನ ಮುಂದೆ ನಿಂತು, ಕಣ್ಣರಳಿಸಿಕೊಂಡು ಏನೋ ಹೇಳುತ್ತಿದ್ದಳು. ನಾನು ಮಧ್ಯೆ ತೂರಿಕೊಂಡು ತೆಂಗಿನಕಾಯಿ, ರವಿಕೆ ಕಣ, ಕೋಡುಬಳೆ ಡಬ್ಬಿ ಮುಂದೆ ಹಿಡಿದೆ.

ಆಕೆ ನಗುತ್ತಾ ಬೇಡ ಎಂದರು. ಒಳ್ಳೆ ಸಂಸ್ಕಾರ ಎಂದುಕೊಂಡೆ. ನಮ್ಮಲ್ಲಿ ಮೊದಲ ಸಲಕ್ಕೇ ಯಾರು ತೆಗೆದುಕೊಳ್ಳುತ್ತಾರೆ? ಇನ್ನಷ್ಟು ಮುಂದೆ ಹಿಡಿದೆ. ಉಡುಗೊರೆ ತೆಗೆದುಕೊಳ್ಳುವಂತಿಲ್ಲ, ಅದು ನಿಯಮ ಎಂದರು. ಎಂಥ ಉಪಚಾರ ಬಲ್ಲ ಹೆಂಗಸು! ನಾನು ಒಂದು ಹೆಜ್ಜೆ ಮುಂದಿಟ್ಟೆ, ಆಕೆ ಒಂದು ಹೆಜ್ಜೆ ಹಿಂದಿಟ್ಟರು. ಹೀಗೇ ಇಬ್ಬರೂ ಗೋಡೆಯವರೆಗೆ ಹೋದೆವು. ಅಲ್ಲಿ ಬಲವಂತವಾಗಿ ಆಕೆಯ ಕೈಗೆ ತುರುಕಿದ ತೆಂಗಿನಕಾಯಿ ಜಾರಿ, ದಡದಡ ಉರುಳಿ, ಮುಂದಿನ ಸಾಲಿನ ಕುರ್ಚಿಗಳ ಕೆಳಗೆ ಸೇರಿತು. ಅದನ್ನು ಹುಡುಕಲು ನಾನು ನೆಲದ ಮೇಲೆ ಮಂಡಿಯೂರಿದೆ. ತಲೆಯೆತ್ತಿ ನೋಡಿದರೆ ಮಗಳು ಕಾಣಲಿಲ್ಲ.

ಕಾರಿನಲ್ಲಿ ಕೂತು ಅಳುತ್ತಿದ್ದಳು.

"ಅಮ್ಮಾ, ಅವರು ನೋ ಅಂದ್ರೆ ನೋ ಅಂತಾನೇ ಅರ್ಥ. ನಾನು ಬರ್ಬೇಡ ಅಂದಿದ್ದೂ ಅಷ್ಟೇ. ವೈ ಡೋಂಟ್ ಯು ಲಿಸನ್?"

ಅವಳು ಅಷ್ಟು ಆಸೆಪಟ್ಟ ಸೀಟಿಗೆ ನಾನೇ ಕಲ್ಲು ಹಾಕಿದೆನಲ್ಲ! ಇನ್ನು ಮೇಲೆ ನೀನು ಬೇಡ ಅಂದರೆ ಬೇಡ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಆಮೇಲೆ ಅವಳು ಆ ಹೆಂಗಸಿಗೆ ತಾನೇ ಒಂದು ಈಮೇಲ್ ಬರೆದಳು. ತೋರಿಸು ಎಂದು ನಾನು ಕೇಳಲಿಲ್ಲ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಮಾರ್ಚಿನಲ್ಲಿ ಸೀಟು ಸಿಕ್ಕಿತು. ತೆಂಗಿನಕಾಯಿಯ ಪಾತ್ರದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ.

ಆಗಸ್ಟಿನಲ್ಲಿ ಹಾಸ್ಟೆಲಿಗೆ ಬಿಡಲು ಹೊರಟಾಗ ತಿಂಡಿ ಗಿಂಡಿ ಏನೂ ಬೇಡ ಎಂದು ಅದಿತಿ ಮೊದಲೇ ಹೇಳಿದಳು. ಸರಿ ಎಂದೆ. ಯಜಮಾನರು ನನ್ನ ಹಣೆ ಮುಟ್ಟಿ, ಜ್ವರವಿದೆಯೇ ಎಂದು ನೋಡಿದರು.

ರೂಮಿನಲ್ಲಿ ಹಾಸಿಗೆ ಹಾಸಿದ್ದಾಯಿತು, ಬಟ್ಟೆ ಜೋಡಿಸಿದ್ದಾಯಿತು. ಹೊರಡುವ ಹೊತ್ತಿಗೆ ಅವಳು ನನ್ನ ಚೀಲದೊಳಗೆ ಕೈಹಾಕಿ ತಡಕಾಡಿದಳು.

"ಅಮ್ಮಾ, ಕೋಡುಬಳೆ ಎಲ್ಲಿ?"

"ನೀನೇ ಬೇಡ ಅಂದಿದ್ದೆಯಲ್ಲ ಪುಟ್ಟಾ."

"ಅಂದಿದ್ದೆ," ಎಂದಳು. ಚೀಲದಿಂದ ಕೈ ತೆಗೆದಳು. "ಆದ್ರೂ ನೀನು ತರ್ತೀಯ ಅಂದ್ಕೊಂಡಿದ್ದೆ."

ಜನ್ಮದಲ್ಲಿ ಮೊದಲ ಸಲ ಒಬ್ಬರು ಬೇಡ ಎಂದದ್ದನ್ನು ನಂಬಿದ್ದೆ. ಅವತ್ತೇ ಬರಿಗೈಯಲ್ಲಿ ಹೋಗಿ ನಿಂತಿದ್ದೆ!